ಯಾವ ದೇಶದ ಸ್ಪ್ಯಾನಿಷ್ ಕಲಿಯಬೇಕು?

ಪ್ರಶ್ನೆ: ಸ್ಪ್ಯಾನಿಷ್ ಕಲಿಯಲು ಹೊರಟಿದ್ದೇನೆ. ಕಥೆ, ಕವಿತೆಗಳನ್ನು ಮೂಲದಲ್ಲೇ ಓದಬೇಕು, ಮುಂದೆ ಎಂದಾದರೂ ಆ ದೇಶಗಳಿಗೆ ಹೋಗಿ ಜನರೊಡನೆ ಮಾತನಾಡಬೇಕು ಎಂಬ ಆಸೆಯಿದೆ. ಸ್ಪೇನಿನ ಸ್ಪ್ಯಾನಿಷ್ ಕಲಿಯಲೇ, ಲ್ಯಾಟಿನ್ ಅಮೆರಿಕದ್ದನ್ನು ಕಲಿಯಲೇ?

ಉತ್ತರ: ಓದುವುದಷ್ಟೇ ನಿಮ್ಮ ಗುರಿಯಾಗಿದ್ದರೆ ಈ ಆಯ್ಕೆಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆಯಾಗಿದ್ದರೂ ಅದರ ಕಾಗುಣಿತ ಎಲ್ಲೆಡೆ ಒಂದೇ. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯು ಇಂದು ಇತರ ದೇಶಗಳ ಸೋದರ ಅಕಾಡೆಮಿಗಳೊಡನೆ ಕೂಡಿಯೇ ನಿಘಂಟು, ವ್ಯಾಕರಣಗಳನ್ನು ಸಿದ್ಧಪಡಿಸುತ್ತದೆ. ಕೊಲಂಬಿಯಾದ ರಾಜಧಾನಿ ಬೊಗೊಟಾದ ಪತ್ರಿಕೆಯನ್ನು ಓದಬಲ್ಲವರು ಮ್ಯಾಡ್ರಿಡ್‌ನ ಪತ್ರಿಕೆಯನ್ನೂ ಓದಬಲ್ಲರು.

ಭೇದಗಳು ಎದ್ದು ಕಾಣುವುದು ಮಾತಿನಲ್ಲಿ. ಧನ್ಯವಾದ ಹೇಳುವಾಗ ಸ್ಪೇನಿನ ಉತ್ತರ ಮತ್ತು ಮಧ್ಯ ಭಾಗದವರು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ‘ಗ್ರಾಥಿಯಾಸ್’ ಎನ್ನುತ್ತಾರೆ. ಲ್ಯಾಟಿನ್ ಅಮೆರಿಕದ ಉದ್ದಕ್ಕೂ ಅದು ‘ಗ್ರಾಸಿಯಾಸ್’. ಇದನ್ನು ಅಮೆರಿಕದಲ್ಲಾದ ಅಪಭ್ರಂಶವೆಂದು ಭಾವಿಸುವುದು ತಪ್ಪು. ಆರಂಭದ ವಲಸಿಗರಲ್ಲಿ ಬಹಳ ಮಂದಿ ದಕ್ಷಿಣ ಸ್ಪೇನಿನ ಆಂಡಲೂಸಿಯಾದವರಾಗಿದ್ದರು, ಅಮೆರಿಕಕ್ಕೆ ಹೋಗುವ ಹಡಗುಗಳ ವ್ಯವಹಾರವೆಲ್ಲ ಸೆವಿಲ್ಯಾ ನಗರದ ಹಿಡಿತದಲ್ಲಿತ್ತು, ಮತ್ತು ಆ ನಗರದಲ್ಲಿ ಇಂದಿಗೂ ಕೇಳಿಬರುವುದು ‘ಸ’ಕಾರವೇ. ಹೀಗಿರುವಾಗ ‘ಸ್ಪೇನಿನ ಸ್ಪ್ಯಾನಿಷ್’ ಎಂಬ ಒಂದೇ ಮಾತು ಇಲ್ಲ. ಲ್ಯಾಟಿನ್ ಅಮೆರಿಕದ್ದಂತೂ ಒಂದೇ ಅಲ್ಲವೇ ಅಲ್ಲ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ‘ನೀನು’, ‘ನೀವು’ಗಳ ಬಳಕೆಯನ್ನು. ಏಕವಚನಕ್ಕೂ ಗೌರವವಾಚಕಕ್ಕೂ ನಡುವಿನ ಸೂಕ್ಷ್ಮ ನಮಗೆ ಹೊಸದಲ್ಲ, ಆದರೆ ಅಲ್ಲಿ ಅದರ ಗೆರೆ ದೇಶದಿಂದ ದೇಶಕ್ಕೆ ಸರಿಯುತ್ತದೆ. ಸ್ಪೇನಿನಲ್ಲಿ ಸ್ನೇಹಿತರ ಗುಂಪಿಗೆ ‘ಬೊಸೋತ್ರೊಸ್’ ಎನ್ನುತ್ತಾರೆ, ಅಮೆರಿಕದಲ್ಲಿ ಗುಂಪು ಯಾವುದೇ ಆಗಿರಲಿ, ‘ಉಸ್ತೇದೆಸ್’. ಬೊಗೊಟಾದಲ್ಲಿ ಗೌರವವಾಚಕವಾದ ‘ಉಸ್ತೆದ್’ ಮನೆಯವರ ನಡುವೆಯೂ ಕೇಳಿಸುತ್ತದೆ. ಅರ್ಜೆಂಟೀನಾ, ಉರುಗ್ವೆಗಳಲ್ಲಿ ‘ನೀನು’ ಎನ್ನಲು ‘ತು’ ಬದಲು ‘ಬೋಸ್’ ಬಳಸುತ್ತಾರೆ, ಕ್ರಿಯಾಪದದ ರೂಪವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. 1964ರಿಂದ ಪ್ರಕಟವಾದ ‘ಮಾಫಾಲ್ದಾ’ ಚಿತ್ರಪಟ್ಟಿಯಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಮಾಫಾಲ್ದಾ ಎಂಬ ಪುಟ್ಟ ಹುಡುಗಿಯೂ ಅವಳ ಗೆಳೆಯರೂ ಮಾತನಾಡುವುದು ಹೀಗೆಯೇ. ಈ ರೂಪಗಳನ್ನು ನಗುನಗುತ್ತಾ ಕಲಿಯಲು ಅದಕ್ಕಿಂತ ಒಳ್ಳೆಯ ಓದು ನನಗೆ ತೋರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು: ಕಿವಿಗೆ ಎಲ್ಲ ದೇಶಗಳ ಮಾತೂ ಬೀಳಲಿ, ಬಾಯಿಗೆ ಒಂದೇ ದೇಶದ್ದಿರಲಿ. ಆ ಒಂದನ್ನು ಆರಿಸುವಾಗ ಯಾವುದು ಶುದ್ಧ ಎಂದು ಕೇಳದೆ, ಯಾರೊಡನೆ ಮಾತನಾಡಲು ಮನಸ್ಸು ಹಂಬಲಿಸುತ್ತದೆ ಎಂದು ಕೇಳಿಕೊಳ್ಳಿ. ಗ್ವಾಟೆಮಾಲಾದ ಆಂಟಿಗ್ವಾ ಪಟ್ಟಣದಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಶಿಕ್ಷಕರು ಪಾಠ ಹೇಳುವ, ಊಟ ವಸತಿಯನ್ನು ಸ್ಥಳೀಯ ಕುಟುಂಬದೊಡನೆ ಏರ್ಪಡಿಸಿಕೊಡುವ ಶಾಲೆಗಳು ಬಹಳಷ್ಟಿವೆ. ಊಟದ ನಂತರವೂ ಮೇಜಿನ ಸುತ್ತ ಸಾಗುವ ಹರಟೆಯಿಂದ ಕಲಿಯುವಷ್ಟನ್ನು ತರಗತಿಯಲ್ಲಿ ಕಲಿಯುವುದು ಕಷ್ಟ. ಹಳೆಯ ವಿದ್ಯಾಕೇಂದ್ರದ ವಾತಾವರಣ ಬೇಕೆನ್ನುವವರಿಗೆ 1218ರಲ್ಲಿ ಸ್ಥಾಪನೆಯಾದ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯವು ವಿದೇಶಿಯರಿಗಾಗಿ ಭಾಷಾ ತರಗತಿಗಳನ್ನು ನಡೆಸುತ್ತದೆ.

ಉಚ್ಚಾರಣೆಯ ಭಯ ಬೇಡ. ಸ್ಪ್ಯಾನಿಷ್‌ನ ದಂತ್ಯ ‘ತ’, ಅಲ್ಪಪ್ರಾಣದ ‘ಪ’ ಮತ್ತು ‘ಕ’, ಹ್ರಸ್ವ ‘ಎ’ ಮತ್ತು ‘ಒ’ ಕನ್ನಡದ ನಾಲಿಗೆಗೆ ಸಹಜವಾಗಿ ಒದಗುತ್ತವೆ. ಪದಗಳ ವಿಷಯದಲ್ಲಿ ಮಾತ್ರ ತುಸು ಎಚ್ಚರವಿರಲಿ: ಬಸ್ಸು ಹಿಡಿಯುವುದಕ್ಕೆ ಸ್ಪೇನಿನಲ್ಲಿ ದಿನನಿತ್ಯ ಬಳಸುವ ‘ಕೊಹೆರ್’ ಎಂಬ ಕ್ರಿಯಾಪದ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲವಾಗಿ ಕೇಳಿಸುತ್ತದೆ, ‘ತೊಮಾರ್’ ಎಂದರೆ ಎಲ್ಲೆಡೆಯೂ ನಡೆಯುತ್ತದೆ.

ಪರೀಕ್ಷೆ ಬರೆಯುವ ಯೋಚನೆಯಿದ್ದರೂ ಚಿಂತಿಸಬೇಕಾಗಿಲ್ಲ. ಸ್ಪ್ಯಾನಿಷ್ ಭಾಷೆಯ ಪ್ರಸಾರಕ್ಕಾಗಿ ಇರುವ ಸ್ಪೇನ್ ಸರ್ಕಾರದ ಸರ್ವಾಂಟಿಸ್ ಸಂಸ್ಥೆಯು ಮೆಕ್ಸಿಕೊ, ಸಲಮಾಂಕಾ, ಬ್ಯೂನಸ್ ಐರಿಸ್‌ಗಳ ವಿಶ್ವವಿದ್ಯಾಲಯಗಳೊಡನೆ ಸೇರಿ ನಡೆಸುವ ‘ಸಿಯೆಲೆ’ ಪರೀಕ್ಷೆಯಲ್ಲಿ ಹಲವು ದೇಶಗಳ ಮಾತು ಕೇಳಿಬರುತ್ತದೆ, ನಿಮ್ಮದು ಯಾವ ದೇಶದ ರೂಢಿಯಾದರೂ ಅದಕ್ಕೆ ಮನ್ನಣೆಯಿದೆ. ಮೊದಲ ತರಗತಿಯಲ್ಲೇ ನಿಮ್ಮ ಶಿಕ್ಷಕರ ಮಾತು ಯಾವ ಪ್ರದೇಶದ್ದೆಂದು ವಿಚಾರಿಸಿ, ಅದು ಬಾಯಲ್ಲಿ ನೆಲೆಗೊಳ್ಳುವವರೆಗೆ ಅದನ್ನೇ ಹಿಡಿದು ಸಾಗಿ.