ಯೂರಿಯಾ ಚೀಲದೊಳಗಿನ ಕರೆಂಟು

"ಸಾರ್, ಗೋದಾಮಿನ ಮೇಲೆ 10 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೀನಿ. ಅದರಲ್ಲೇ ಹೈಡ್ರೋಜನ್ ಮಾಡಿ ಪಿಕಪ್ ಓಡಿಸಬಹುದಾ?" ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದರು. ಓಡಿಸಬಹುದು, ಆದರೆ ಬೇಡ ಅಂದೆ. ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ನನ್ನು ಒತ್ತಿ ತುಂಬಿಸಿ, ಗಾಡಿಯಲ್ಲಿ ಅದನ್ನು ಮತ್ತೆ ಕರೆಂಟು ಮಾಡುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಶಕ್ತಿ ಸೋರಿಹೋಗಿರುತ್ತದೆ. ಬ್ಯಾಟರಿ ಗಾಡಿಯಲ್ಲಿ ಇಷ್ಟು ನಷ್ಟವಿಲ್ಲ.

ಗೊಬ್ಬರದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ನನ್ನ ಕಣ್ಣು ಹೋದದ್ದು ಗೋದಾಮಿನ ಯೂರಿಯಾ ಚೀಲಗಳ ಮೇಲೆ. ಹೈಡ್ರೋಜನ್ ಬೇಕೇ ಬೇಕಾದದ್ದು ಯೂರಿಯಾ ತಯಾರಿಕೆಗೆ. ಈಗ ಅದನ್ನು ನೈಸರ್ಗಿಕ ಅನಿಲದಿಂದ ತೆಗೆಯುತ್ತೇವೆ. ಆ ಅನಿಲದಲ್ಲಿ ಬಹಳಷ್ಟು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. 45 ಕೆಜಿಯ ಒಂದು ಚೀಲಕ್ಕೆ ಹೈಡ್ರೋಜನ್, ಗಾಳಿಯ ಸಾರಜನಕ ಸೇರಿಸಿ ಮಾಡುವ ಅಮೋನಿಯಾ ಇಪ್ಪತ್ತೈದೂವರೆ ಕೆಜಿ ಬೇಕು, ಅದರಲ್ಲಿ ಹೈಡ್ರೋಜನ್ನೇ ನಾಲ್ಕೂವರೆ ಕೆಜಿ. ಇಷ್ಟನ್ನು ನೀರಿನಿಂದ ಪಡೆಯಲು ಸುಮಾರು 40 ಲೀಟರ್ ನೀರು, 240 ಯೂನಿಟ್ ಕರೆಂಟು ಸಾಕು. ಅವರ ಸೋಲಾರಿಗೆ ಅದು ಆರು ದಿನದ ಒಳ್ಳೆಯ ಬಿಸಿಲು.

ಇದೇನು ಹೊಸ ಕನಸಲ್ಲ. 1960ರ ದಶಕದಲ್ಲೇ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿದ್ದರು. ಬಿಸಿಲು, ಗಾಳಿಯಂಥ ಮೂಲಗಳ ಕರೆಂಟಿನಿಂದ ಮಾಡುವ ಹೈಡ್ರೋಜನ್ನಿಗೆ ಈಗ ಹಸಿರು ಹೈಡ್ರೋಜನ್ ಅನ್ನುತ್ತಾರೆ. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟುಕೊಂಡಿದೆ.

ಕಗ್ಗಂಟು ಇರುವುದು ಇಂಗಾಲದಲ್ಲಿ. ಅದೇ ಒಂದು ಚೀಲ ಯೂರಿಯಾಕ್ಕೆ 33 ಕೆಜಿ ಇಂಗಾಲದ ಡೈಆಕ್ಸೈಡೂ ಬೇಕು. ಅನಿಲದ ಕಾರ್ಖಾನೆಯಲ್ಲಿ ಅದು ಹೈಡ್ರೋಜನ್ ಜೊತೆಗೇ ಹುಟ್ಟುತ್ತದೆ. ನೀರು ಒಡೆದರೆ ಹುಟ್ಟುವುದಿಲ್ಲ. ಬೇರೆ ಕಡೆಯಿಂದ ತರಬೇಕು, ಇಲ್ಲವೇ ಇಂಗಾಲ ಬೇಡದ ಅಮೋನಿಯಂ ಸಲ್ಫೇಟಿನಂಥ ಗೊಬ್ಬರಕ್ಕೆ ಹೊರಳಬೇಕು. ನನ್ನ ಒಲವು ಎರಡನೆಯದಕ್ಕೆ, ಆದರೆ ಅದು ಮಣ್ಣಿನ ಹುಳಿ ಹೆಚ್ಚಿಸುತ್ತದೆ. ಮೊದಲೇ ಹುಳಿಯಾದ ನಮ್ಮ ಮಲೆನಾಡಿನ ಮಣ್ಣಿಗೆ ಸುಣ್ಣ ಹಾಕದೆ ಅದನ್ನು ಸುರಿಯಬೇಡಿ.

ಇನ್ನು ಮಳೆ. ಜೂನ್ ಕಳೆದರೆ ನಮ್ಮಲ್ಲಿ ಬಿಸಿಲೆಲ್ಲಿ? ಅಮೋನಿಯಾ ಘಟಕವೋ, ಭಾರೀ ಒತ್ತಡ, ನಾನೂರು ಡಿಗ್ರಿ ಮೀರಿದ ಕಾವಿನಲ್ಲಿ ಹಗಲುರಾತ್ರಿ ಒಂದೇ ಸಮನೆ ನಡೆಯಲು ಕಟ್ಟಿದ್ದು. ಮೋಡ ಕವಿದಾಗಲೆಲ್ಲ ನಿಲ್ಲಿಸಿ ಹಚ್ಚುತ್ತಿದ್ದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಕ್ಯಾಟಲಿಸ್ಟು, ಕೊಳವೆ ಎರಡೂ ಹಾಳು. ಅದಕ್ಕೇ ಬಿಸಿಲಿನ ಜೊತೆ ಗಾಳಿಯ ಕರೆಂಟು, ಹೈಡ್ರೋಜನ್ ಕೂಡಿಡುವ ಟ್ಯಾಂಕು ಬೇಕಾಗುತ್ತವೆ. ಖರ್ಚು ಏರುವುದು ಇಲ್ಲೇ.

ಹಾಗಾಗಿ ಅವರಿಗೆ ಹೇಳಿದ್ದಿಷ್ಟು: ಈ ಕೆಲಸ ದೊಡ್ಡ ಕಾರ್ಖಾನೆಯದು, ತೋಟದ್ದಲ್ಲ. ನಿಮ್ಮ ಯೂನಿಟ್ಟುಗಳನ್ನು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿಗೂ ಪಂಪಿಗೂ ನೇರವಾಗಿ ಕೊಡಿ. ಮುಂದಿನ ಗೊಬ್ಬರಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.