ಸ್ವಾಲೋ ಟೆಸ್ಟ್: ನೆತ್ತಿಗೆ ಹತ್ತದೆ ದಾರಿ ತಪ್ಪುವ ಗುಟುಕು

ಊಟದ ನಡುವೆ ನೆತ್ತಿಗೆ ಹತ್ತಿದರೆ ತಲೆ ತಟ್ಟಿ ‘ಯಾರೋ ನೆನೆಸ್ಕೊಂಡ್ರು’ ಅನ್ನುವುದು ನಮ್ಮ ರೂಢಿ. ಆಗಿರುವುದಿಷ್ಟೇ: ಅನ್ನನಾಳಕ್ಕೆ ಇಳಿಯಬೇಕಿದ್ದ ಅಗುಳೋ ಸಾರೋ ಶ್ವಾಸನಾಳದ ಬಾಗಿಲಿಗೆ ತಾಕಿದೆ, ಕೆಮ್ಮು ಅದನ್ನು ಹೊರಗೆ ದಬ್ಬಿದೆ. ಐಸಿಯುನಲ್ಲಿ ಮಲಗಿ ಎದ್ದ ಎಷ್ಟೋ ರೋಗಿಗಳಿಗೆ ನೆತ್ತಿಗೆ ಹತ್ತುವುದೇ ಇಲ್ಲ. ನೀರು ಶ್ವಾಸಕೋಶಕ್ಕೆ ಇಳಿಯುತ್ತಿದ್ದರೂ ಕೆಮ್ಮಿಲ್ಲ, ಮುಖ ಕಿವುಚುವುದಿಲ್ಲ. ಇದಕ್ಕೆ ಸೈಲೆಂಟ್ ಆಸ್ಪಿರೇಷನ್ ಎಂದು ಹೆಸರು. ಎರಡು ದಿನ ಬಿಟ್ಟು ಜ್ವರ, ಕಫ, ನ್ಯುಮೋನಿಯಾ. ನುಂಗುವ ತೊಂದರೆಗೆ ಡಿಸ್ಫೇಜಿಯಾ ಅನ್ನುತ್ತಾರೆ. ಅದನ್ನು ಹಾಸಿಗೆಯ ಪಕ್ಕದಲ್ಲೇ ಹಿಡಿಯುವ ಮೊದಲ ಜರಡಿಯೇ ವಾರ್ಡಿನವರ ಬಾಯಲ್ಲಿ ‘ಸ್ವಾಲೋ ಟೆಸ್ಟ್’.

ಗಂಟಲಮಣಿಯ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಮಣಿ ಮೇಲೇರಿ ಕೆಳಗಿಳಿಯುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಉಸಿರು ನಿಂತು, ಧ್ವನಿತಂತುಗಳು ಮುಚ್ಚಿ, ಕಿರುನಾಲಿಗೆಗಿಂತ ಕೆಳಗಿರುವ ಮುಚ್ಚಳ ಮಡಚಿಕೊಂಡು, ಅನ್ನನಾಳದ ಬಾಯಿ ತೆರೆದಿರುತ್ತದೆ. ಉಸಿರಾಟದ ಟ್ಯೂಬು ಹಲವು ದಿನ ಧ್ವನಿತಂತುಗಳ ನಡುವೆಯೇ ಕೂತಿದ್ದರೆ ಅಲ್ಲಿ ಊತ, ಹುಣ್ಣು, ಮರಗಟ್ಟುವಿಕೆ. ಜೊತೆಗೆ ಸ್ನಾಯುಗಳು ಸೊರಗಿರುತ್ತವೆ. ಟ್ಯೂಬು 48 ಗಂಟೆ ದಾಟಿದವರನ್ನೆಲ್ಲ ಪರೀಕ್ಷಿಸದೆ ಬಾಯಿಗೆ ಕೊಡಬಾರದು ಎನ್ನುವುದು ಅದಕ್ಕೇ.

ಲಕ್ವ ಹೊಡೆದವರದು ಎಲ್ಲರಿಗೂ ಗೊತ್ತಿರುವ ಗುಂಪು. ಹಾಸನ, ಚಿಕ್ಕಮಗಳೂರಿನಂಥ ಹೊಲ-ತೋಟದ ಸೀಮೆಯಲ್ಲಿ ಇನ್ನೆರಡನ್ನು ಮರೆಯಬಾರದು. ನಾಗರಹಾವು ಕಡಿದವರಲ್ಲಿ ರೆಪ್ಪೆ ಜೋತುಬೀಳುವುದರ ಜೊತೆಗೇ ನುಂಗುವ ಶಕ್ತಿಯೂ ಹೋಗಬಹುದು. ಆರ್ಗನೊಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದವರಲ್ಲಿ ಮೊದಲ ಗಂಡಾಂತರ ಕಳೆದು ಚೇತರಿಸಿಕೊಂಡರು ಅನ್ನುವಾಗಲೇ, ಒಂದರಿಂದ ನಾಲ್ಕನೇ ದಿನದೊಳಗೆ ಕುತ್ತಿಗೆ ಸೋಲಬಹುದು. ದಿಂಬಿನಿಂದ ತಲೆ ಎತ್ತಿ ಹಿಡಿಯಲಾಗದವರಿಗೆ ನೀರು ಕೊಡುವ ಮಾತೇ ಇಲ್ಲ.

ಪರೀಕ್ಷೆ ಶುರುವಾಗುವುದು ನೀರಿನಿಂದಲ್ಲ. ರೋಗಿ ಕಾಲು ಗಂಟೆಯಾದರೂ ಎಚ್ಚರವಾಗಿ ಇರಬಲ್ಲರೇ? ಹೇಳಿದಾಗ ಗಟ್ಟಿಯಾಗಿ ಕೆಮ್ಮಬಲ್ಲರೇ? ಎಂಜಲು ನುಂಗುತ್ತಾರೋ, ಕಟವಾಯಿಂದ ಸುರಿಯುತ್ತಿದೆಯೋ? ‘ಆ’ ಎಂದಾಗ ಧ್ವನಿ ಗೊರಗೊರ ಅನ್ನುತ್ತದೆಯೇ? ಏದುಸಿರಿದ್ದರೆ ಅಂದಿಗೆ ಬಿಟ್ಟುಬಿಡಿ, ಉಸಿರು ಹಿಡಿದು ನುಂಗುವ ಬಿಡುವೇ ಅವರಿಗಿರುವುದಿಲ್ಲ. ಬೆನ್ನು ನೆಟ್ಟಗೆ ಕೂರಿಸಿ, ಕಫ, ನೀರು ಹೀರಿ ತೆಗೆಯುವ ಸಕ್ಷನ್ ಯಂತ್ರ ಕೈಗೆಟಕುವಂತೆ ಇಟ್ಟುಕೊಂಡು, ಮೊದಲು ಬಾಯಿ ತೊಳೆಯಿರಿ. ಶುದ್ಧ ನೀರು ಒಂದಿಷ್ಟು ಒಳಹೋದರೆ ಶ್ವಾಸಕೋಶ ತಡೆದುಕೊಂಡೀತು. ನಾಲ್ಕು ದಿನ ಉಜ್ಜದ ಹಲ್ಲಿನ ಕೊಳೆ ಅದರ ಜೊತೆ ಹೋದರೆ ತಡೆಯುವುದು ಕಷ್ಟ.

ಆಮೇಲಿನ ದಾರಿ ಎರಡು. ಒಂದು, 90 ಮಿ.ಲೀ. ನೀರನ್ನು ನಿಲ್ಲಿಸದೆ ಕುಡಿಸುವುದು. ನಡುವೆ ನಿಲ್ಲಿಸಿದರೆ, ಕೆಮ್ಮಿದರೆ, ಕುಡಿದು ಒಂದು ನಿಮಿಷದೊಳಗೆ ಧ್ವನಿ ಒದ್ದೆಯಾಗಿ ಗೊರಗೊರ ಅಂದರೆ ಫೇಲ್. ಈ ಪರೀಕ್ಷೆ ಕಠಿಣ. ಫೇಲಾದವರಲ್ಲಿ ಹಲವರು ಬೇರೆ ಹದದ ಆಹಾರವನ್ನು ಸರಿಯಾಗಿಯೇ ನುಂಗುತ್ತಾರೆ. ಇನ್ನೊಂದು ಆಸ್ಟ್ರಿಯಾದಿಂದ 2007ರಲ್ಲಿ ಬಂದ ಗಸ್ (GUSS) ಎಂಬ ಹಂತಹಂತದ ಪರೀಕ್ಷೆ, ಒಟ್ಟು 20 ಅಂಕ. ಇಲ್ಲಿ ಮೊದಲು ಎಂಜಲು, ಆಮೇಲೆ ಚಮಚದ ತುದಿಯಷ್ಟು ಗಟ್ಟಿ ಗಂಜಿ, ಅದು ಇಳಿದರೆ 3, 5, 10, 20 ಮಿ.ಲೀ. ಹೀಗೆ ಏರಿಸುತ್ತ 50ರವರೆಗೆ ನೀರು, ಕೊನೆಗೆ ಬ್ರೆಡ್ ಚೂರು. ‘ಒಂದ್ ಗುಟುಕು ನೀರಾದ್ರೂ ಕೊಡ್ತೀವಿ ಸಿಸ್ಟರ್’ ಎನ್ನುವ ಮನೆಯವರಿಗೆ ಈ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಆದರೆ ಗಂಜಿಗಿಂತ ಕಷ್ಟ ನೀರೇ. ಬಾಗಿಲು ಮುಚ್ಚುವ ಮೊದಲೇ ಅದು ಜಾರಿಬಿಡುತ್ತದೆ. ಗಂಜಿ ನಿಧಾನಕ್ಕೆ ಬರುತ್ತದೆ.

ಗಂಟಲ ಹಿಂಭಾಗ ಮುಟ್ಟಿ ‘ಓಕರಿಕೆ ಬಂತು, ನುಂಗ್ತಾರೆ’ ಅನ್ನುವ ಅಭ್ಯಾಸ ಇನ್ನೂ ಹೋಗಿಲ್ಲ. ಆರೋಗ್ಯವಂತರಲ್ಲೂ ಕೆಲವರಿಗೆ ಓಕರಿಕೆ ಬರುವುದಿಲ್ಲ; ಬಂದ ಮಾತ್ರಕ್ಕೆ ನುಂಗಬಲ್ಲರು ಅಂತಲೂ ಅಲ್ಲ. ಬೆರಳಿನ ಆಕ್ಸಿಮೀಟರ್ ಅಂಕಿ ಇಳಿಯಲಿಲ್ಲ ಎನ್ನುವುದೂ ಸಾಕ್ಷಿಯಲ್ಲ. ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಹಾಕಿದ ಕೊಳವೆ) ಇದ್ದವರಿಗೆ ನೀಲಿ ಬಣ್ಣ ಬೆರೆಸಿದ ನೀರು ಕೊಟ್ಟು ಕೊಳವೆಯಲ್ಲಿ ನೀಲಿ ಬರುತ್ತದೆಯೇ ನೋಡುವುದುಂಟು. ಬಂದರೆ ಉತ್ತರ ಸಿಕ್ಕಿತು, ಬರದಿದ್ದರೆ ಏನೂ ತೀರ್ಮಾನವಾಗಲಿಲ್ಲ.

ಅನುಮಾನ ಉಳಿದರೆ ಕಣ್ಣಾರೆ ನೋಡಬೇಕು. ಫೀಸ್ (FEES) ಎಂಬ ಪರೀಕ್ಷೆಯಲ್ಲಿ ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ, ಬಣ್ಣದ ಹಾಲು ಕುಡಿಸಿ, ಧ್ವನಿತಂತುಗಳ ಕೆಳಗೆ ಬಣ್ಣ ಇಳಿಯಿತೇ ನೋಡುತ್ತಾರೆ, ಹಾಸಿಗೆಯಲ್ಲೇ ಆಗುತ್ತದೆ. ಸರಿಯಾಗಿ ನುಂಗುವ ಕ್ಷಣದಲ್ಲಿ ಮಾತ್ರ ತೆರೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ವಿಡಿಯೋಫ್ಲೋರೋಸ್ಕೋಪಿ, ಅಂದರೆ ಬೇರಿಯಂ ಎಕ್ಸ್‌ರೇ ವಿಡಿಯೋ, ಆ ಕ್ಷಣವನ್ನೂ ತೋರಿಸುತ್ತದೆ. ಆದರೆ ರೋಗಿಯನ್ನು ಎಕ್ಸ್‌ರೇ ಕೋಣೆಗೆ ಒಯ್ಯಬೇಕು. ನುಂಗುವಿಕೆಯ ವಿವರವಾದ ತಪಾಸಣೆ ಸ್ಪೀಚ್ ಥೆರಪಿಸ್ಟ್‌ಗಳ ಕೆಲಸ ಎಂಬುದೇ ಹಲವರಿಗೆ ಹೊಸ ಸುದ್ದಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂಥವರನ್ನು ತಯಾರು ಮಾಡುತ್ತದೆ.

ಊಟ ಶುರುವಾದಾಗ ‘ಗಂಜಿ ಕೊಡಿ’ ಎಂದರೆ ಸಾಲದು, ಎಷ್ಟು ಗಟ್ಟಿ ಎಂಬುದನ್ನು ಅಳೆಯಬಹುದು. 10 ಮಿ.ಲೀ. ಸಿರಿಂಜಿನ ಮೊನೆ ಬೆರಳಿಂದ ಮುಚ್ಚಿ, ರಾಗಿ ಗಂಜಿ ತುಂಬಿ, 10 ಸೆಕೆಂಡ್ ಹರಿಯಬಿಡಿ. 1ರಿಂದ 4 ಮಿ.ಲೀ. ಉಳಿದರೆ ಒಂದನೇ ಹದ, 4ರಿಂದ 8 ಉಳಿದರೆ ಎರಡನೆಯದು, ಅದಕ್ಕೂ ಹೆಚ್ಚು ಉಳಿದು, ಆದರೂ ಸ್ವಲ್ಪ ಹರಿದಿದ್ದರೆ ಮೂರನೆಯದು. ಇದು ಆಹಾರದ ಹದಕ್ಕೆಂದೇ ಇರುವ ಅಂತರರಾಷ್ಟ್ರೀಯ ಐಡಿಡಿಎಸ್ಐ (IDDSI) ಅಳತೆ. ಸಿರಿಂಜಿನಲ್ಲಿ ಸೊನ್ನೆಯಿಂದ 10ರ ಗೆರೆಗೆ 61.5 ಮಿ.ಮೀ. ಇರಬೇಕು, ಎಲ್ಲ ಕಂಪನಿಯದೂ ಹಾಗಿರುವುದಿಲ್ಲ. ರಾಗಿ ಗಂಜಿ ಆರಿದಷ್ಟೂ ಗಟ್ಟಿಯಾಗುವುದರಿಂದ ಕೊಡುವ ಹೊತ್ತಿನ ಬಿಸಿಯಲ್ಲೇ ಅಳೆಯಬೇಕು. ಎಂಜಲು ತಾಗಿದ ಚಮಚವನ್ನು ಬಟ್ಟಲಲ್ಲೇ ಬಿಟ್ಟರೆ ಅದೇ ಗಂಜಿ ನೀರಾಗುತ್ತದೆ.

ಈ ಕಡೆಯ ಮೂರು ರೂಢಿ ಕಾಟ ಕೊಡುತ್ತವೆ. ಮುದ್ದೆ: ಅಗಿಯದೆ ನುಂಗುವ ತುತ್ತು, ಸೋತ ಗಂಟಲಿಗೆ ಅಡ್ಡ ನಿಲ್ಲುತ್ತದೆ. ಸಾಂಬಾರಲ್ಲಿ ನೆನೆದ ಇಡ್ಲಿ: ಬಾಯಲ್ಲಿ ಇಡ್ಲಿಯನ್ನು ಅಗಿಯುತ್ತಿರುವಾಗಲೇ ಸಾಂಬಾರು ಹಿಂದಕ್ಕೆ ಹರಿದಿರುತ್ತದೆ. ಇನ್ನು ಲೋಟ ಕಚ್ಚದೆ ಎತ್ತಿ ಕುಡಿಯುವುದು. ತಲೆ ಹಿಂದಕ್ಕೆ ವಾಲಿದರೆ ಕಾಫಿ ನಿಯಂತ್ರಣವಿಲ್ಲದೆ ಜಾರಿ, ಶ್ವಾಸನಾಳದ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಚಮಚದಲ್ಲಿ, ತಲೆ ನೇರವಾಗಿಟ್ಟು ಕೊಡಬೇಕು.

ಮೊದಲ ದಿನ ಫೇಲಾದವರನ್ನು ಮೂಗಿನಿಂದ ಆಹಾರ ಕೊಡುವ ನಳಿಕೆಯ ಮೇಲೇ ಇಟ್ಟು ಮಾರನೇ ದಿನ ಮತ್ತೆ ನೋಡುತ್ತಾರೆ. ಫಲಿತಾಂಶ ಕೇಸ್ ಶೀಟಿನಲ್ಲಿದ್ದರೆ ಸಾಲದು. ರಾತ್ರಿ ಪಾಳಿಗೆ ಊರಿಂದ ಬರುವ ಮಗನಿಗೆ ಕಾಣುವಂತೆ, ಯಾವ ಹದ, ಎಷ್ಟು ಚಮಚ, ಹೇಗೆ ಕೂರಿಸಬೇಕು ಎಂದು ಕನ್ನಡದಲ್ಲಿ ಬರೆದು ತಲೆದೆಸೆಗೆ ಅಂಟಿಸಿರಬೇಕು.