ಬಿಟ್ಟ ಚಿತ್ರಗಳನ್ನೂ ತೋರಿಸಿ, ಸರ್

ಪ್ರಶ್ನೆ: ನಾನು ದಾವಣಗೆರೆಯವಳು, ಪದವಿ ಓದುತ್ತಿದ್ದೇನೆ. ಬೀದಿ ಛಾಯಾಗ್ರಹಣ ಕಲಿಯುವ ಆಸೆ. ಬೆಂಗಳೂರಿಗೆ ಹೋಗಿ ಕಾರ್ಯಾಗಾರ ಸೇರುವಷ್ಟು ಹಣವಿಲ್ಲ. ಇಲ್ಲಿ ಇರುವವರೆಲ್ಲ ಮದುವೆ ಫೋಟೋ ತೆಗೆಯುವವರು, ಇಲ್ಲವೇ ಪತ್ರಿಕೆಯವರು. ಅವರಿಂದ ಇದನ್ನು ಕಲಿಯಬಹುದೇ? ಕಲಿಯುವುದಾದರೆ ಅವರ ಬಳಿ ಏನೆಂದು ಕೇಳಬೇಕು?

ಉತ್ತರ: ಕಲಿಯಬಹುದು. ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಬೇರೆ ಬೇರೆಯಾದರೂ ‘ಮದುವೆ ಫೋಟೋ ತೆಗೆಯುವವರು’ ಎನ್ನುವಲ್ಲಿ ಎಲ್ಲರ ದನಿಯಲ್ಲೂ ಒಂದು ಚೂರು ತಾತ್ಸಾರ ಇಣುಕುತ್ತದೆ. ಮೊದಲು ಅದನ್ನು ಕಳಚಿಡಿ. ಮುಹೂರ್ತದ ಹೊತ್ತಿನಲ್ಲಿ ಮಂಟಪದ ಎದುರು ನಿಂತವನ ಪಾಡು ನೋಡಿದ್ದೀರಾ? ಹೋಮದ ಹೊಗೆ ಕಣ್ಣಿಗೆ ಬರುತ್ತದೆ, ಪುರೋಹಿತರ ಬೆನ್ನು ಅಡ್ಡವಾಗುತ್ತದೆ, ಎಲ್ಲಿಂದಲೋ ಅಕ್ಷತೆ ಬಂದು ಲೆನ್ಸಿಗೆ ಬಡಿಯುತ್ತದೆ. ಆ ಗದ್ದಲದಲ್ಲಿ ತಾಳಿ ಬೀಳುವ ಎರಡು ಸೆಕೆಂಡನ್ನು ಅವನು ಹಿಡಿದು ಕೊಡಬೇಕು. ‘ಇನ್ನೊಮ್ಮೆ ಕಟ್ಟಿ’ ಎನ್ನುವಂತಿಲ್ಲ. (ಹಾಗೆ ಕೇಳುವವರೂ ಇದ್ದಾರೆ. ಅವರ ಬಳಿ ಹೋಗಬೇಡಿ.) ಇನ್ನೂ ಪಳಗಿದವನು ತಾಳಿ ಬಿದ್ದ ಮರುಕ್ಷಣ ಕ್ಯಾಮೆರಾವನ್ನು ಹೆಣ್ಣಿನ ತಾಯಿಯ ಕಡೆಗೆ ತಿರುಗಿಸುತ್ತಾನೆ. ಎಲ್ಲರೂ ನೋಡುತ್ತಿರುವ ದಿಕ್ಕನ್ನು ಬಿಟ್ಟು ಹಾಗೆ ಹೊರಳುವ ಅಭ್ಯಾಸವನ್ನೇ ನೀವು ಬೀದಿಗೆ ಕೊಂಡೊಯ್ಯಬೇಕಾಗಿರುವುದು.

ಪತ್ರಿಕೆಯವರ ವಿಷಯಕ್ಕೆ ಬಂದರೆ, ಬೀದಿಯ ಚಿತ್ರಕ್ಕೂ ಸುದ್ದಿಯ ಚಿತ್ರಕ್ಕೂ ದಾಯಾದಿ ಸಂಬಂಧ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹೆಸರು ಹೇಳಿದರೆ ನನಗೆ ಮೊದಲು ನೆನಪಾಗುವುದು ಅವರು ತೆಗೆದ ಸಾಮಾನ್ಯ ಜನ, ಮಕ್ಕಳು. ಅದೇ 1977ರಲ್ಲಿ ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ತಿಯೇ ಬ್ರೆಸೋನ್ ಅವರ ಸೂಚನೆಯಂತೆ ಮ್ಯಾಗ್ನಮ್ ಎಂಬ ಅಂತರರಾಷ್ಟ್ರೀಯ ಛಾಯಾಗ್ರಾಹಕರ ಬಳಗ ಸೇರಿದ ರಘು ರಾಯ್ ಕೂಡ ದಿ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ದುಡಿದವರು. ದಿನವೂ ಚಿತ್ರ ತಂದುಕೊಡಬೇಕಾದ ಕೆಲಸವೇ ಇವರ ಕಣ್ಣನ್ನು ಸಾಣೆ ಹಿಡಿದದ್ದು.

ಇನ್ನು ಅವರ ಬಳಿ ಏನು ಕೇಳಬೇಕು ಎಂಬುದು. ನನ್ನದೇ ಕಥೆ ಹೇಳುತ್ತೇನೆ. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದರೆ ಊರು ಎರಡು ಹೋಳಾಗುತ್ತಿದ್ದ ದಿನಗಳವು. ನಾನು ಒಬ್ಬ ಹಿರಿಯ ಪತ್ರಿಕಾ ಛಾಯಾಗ್ರಾಹಕರ ಚೀಲ ಹೊತ್ತು ಅವರ ಹಿಂದೆ ಅಲೆಯುತ್ತಿದ್ದೆ. ಒಂದು ಸಂಜೆ ಗೇಟು ಬಿತ್ತು. ಸ್ಕೂಟರು, ತಳ್ಳುಗಾಡಿ, ಆಟೋ, ಬಗ್ಗಿ ಕಂಬಿಯ ಕೆಳಗೆ ನುಸುಳುವವರು, ಶೇಂಗಾ ಮಾರುವವರು, ಎಲ್ಲರೂ ಸೇರಿದರು. ನಾನು ಹಸಿದವನು ಊಟಕ್ಕೆ ಕುಳಿತಂತೆ ಒಂದೇ ಸಮನೆ ಒತ್ತಿದೆ. ರೈಲು ಬರುವ ಮೊದಲೇ 36 ಚಿತ್ರಗಳ ರೀಲು ಖಾಲಿ. ಅವರು ಮಾತ್ರ ಕೈಕಟ್ಟಿ ನಿಂತಿದ್ದರು. ರೈಲು ದಾಟಿತು, ಗೇಟು ಏಳತೊಡಗಿತು, ಎರಡೂ ಕಡೆಯ ಜನ ಹಳಿಯ ಮೇಲೆ ಒಬ್ಬರೊಳಗೊಬ್ಬರು ನುಗ್ಗಿದರು. ಆಗ ಐದು ಸಲ ಒತ್ತಿ, ‘ನಡಿ, ಚಹಾ ಕುಡಿಯೋಣ’ ಎಂದರು.

ಪತ್ರಿಕೆಯಲ್ಲಿ ಅದರಲ್ಲೊಂದು ಚಿತ್ರ ಬಂತು. ಚೆನ್ನಾಗಿತ್ತು, ಆದರೆ ಅದನ್ನು ಎಷ್ಟು ದಿಟ್ಟಿಸಿದರೂ ನನಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಅವರು ಪ್ರೂಫ್ ಶೀಟ್ ತೋರಿಸಿದ ದಿನ. ರೀಲು ತೊಳೆದ (ಡೆವಲಪ್ ಮಾಡಿದ) ಮೇಲೆ ಅಷ್ಟೂ ಚಿತ್ರಗಳನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕುವುದಕ್ಕೆ ಹಾಗೆನ್ನುತ್ತಿದ್ದರು. ಗೇಟಿನ ಐದು ಚಿತ್ರಗಳಲ್ಲಿ ಮೂರನೆಯದಕ್ಕೆ ಕೆಂಪು ಪೆನ್ಸಿಲಿನ ಗುರುತಿತ್ತು. ಮೊದಲೆರಡರಲ್ಲಿ ಸೈಕಲ್ ಹುಡುಗನ ಮುಖಕ್ಕೆ ಗೇಟಿನ ಕಂಬ ಅಡ್ಡ. ಮೂರನೆಯದರಲ್ಲಿ ಕಂಬ ಅಲ್ಲೇ ಇದೆ, ಮುಖ ಬಯಲಾಗಿದೆ. ಹುಡುಗ ಸರಿದಿರಲಿಲ್ಲ, ಇವರು ಎಡಕ್ಕೆ ಅರ್ಧ ಹೆಜ್ಜೆ ಇಟ್ಟಿದ್ದರು. ನಾಲ್ಕನೆಯದರಲ್ಲಿ ಯಾರದೋ ಭುಜ. ಐದನೆಯದರಲ್ಲಿ ಹುಡುಗನೇ ಇಲ್ಲ. ಆ ಅರ್ಧ ಹೆಜ್ಜೆ ಅಚ್ಚಾದ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ಉಳಿದಿದ್ದದ್ದು ಬಿಟ್ಟ ನಾಲ್ಕರಲ್ಲಿ.

ಹಾಗಾಗಿ ಯಾವ ಛಾಯಾಗ್ರಾಹಕರ ಬಳಿ ಹೋದರೂ ‘ನಿಮ್ಮ ಒಳ್ಳೆಯ ಚಿತ್ರಗಳನ್ನು ತೋರಿಸಿ’ ಎನ್ನಬೇಡಿ. ಅವು ಅಂಗಡಿಯ ಗೋಡೆಯ ಮೇಲೆ, ಮೊಬೈಲಿನಲ್ಲಿ ಹೇಗೂ ಇವೆ. ಒಂದು ಮದುವೆಯ, ಒಂದು ಮೆರವಣಿಗೆಯ ಮೆಮೊರಿ ಕಾರ್ಡನ್ನು ಏನೂ ಅಳಿಸದೆ, ಸಂಖ್ಯೆಯ ಕ್ರಮದಲ್ಲೇ ತೋರಿಸುವಂತೆ ಕೇಳಿ. ಎಲ್ಲಿ ಕಾದರು, ಎಲ್ಲಿ ಬಗ್ಗಿದರು, ಎಲ್ಲಿ ಆಸೆ ಬಿಟ್ಟರು ಎಂಬುದನ್ನು ಕಾರ್ಡು ತಾನೇ ಹೇಳುತ್ತದೆ. ಮೊದಲ ಸಲ ಸಂಕೋಚಪಡುತ್ತಾರೆ, ಏಕೆಂದರೆ ಕಸದ ಬುಟ್ಟಿಯನ್ನು ಯಾರೂ ನೆಂಟರಿಗೆ ತೋರಿಸುವುದಿಲ್ಲ. ನಿಮ್ಮದನ್ನು ಮೊದಲು ತೋರಿಸಿದರೆ ಅವರ ಸಂಕೋಚ ಕರಗುತ್ತದೆ.

ಆಯ್ಕೆಯ ಬಗ್ಗೆ ಇನ್ನೊಂದು ಮಾತು. ನ್ಯೂಯಾರ್ಕಿನ ಬೀದಿಗಳಲ್ಲಿ ದುಡಿದ ಗ್ಯಾರಿ ವಿನೋಗ್ರಾಂಡ್ ತೆಗೆದ ರೀಲನ್ನು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತೊಳೆಯದೆ ಇಡುತ್ತಿದ್ದರು. ತೆಗೆದ ದಿನದ ಖುಷಿ ಆರಿಹೋಗಲಿ, ಚಿತ್ರ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ನೋಡೋಣ ಎಂಬ ಲೆಕ್ಕ. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೀಲುಗಳು ತೊಳೆಯದೆಯೇ ಉಳಿದಿದ್ದವು. ಅಷ್ಟು ದೂರ ಹೋಗುವುದು ಬೇಡ. ಹದಿನೈದು ದಿನ ನೋಡದೆ ಇಟ್ಟು ನೋಡಿ, ‘ಅದ್ಭುತ’ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಉದುರಿಹೋಗಿರುತ್ತದೆ.

ಈ ಗುರುಗಳಿಂದ ಕಲಿಯಬಾರದ್ದೂ ಇದೆ. ಮದುವೆಯವರು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಪೂರ್ತಿ ತೆರೆದು ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುತ್ತಾರೆ. ಬೀದಿಯಲ್ಲಿ ಹಿನ್ನೆಲೆ ಕರಗಿದರೆ ಬೀದಿಯೇ ಹೋಯಿತು. 35 ಎಂಎಂ ಲೆನ್ಸ್, ಎಫ್/8 (ಆ ಕಿಂಡಿಯನ್ನು ಕಿರಿದಾಗಿಸುವ ಅಳತೆ), ಫೋಕಸ್ಸನ್ನು ಕೈಯಿಂದಲೇ 3 ಮೀಟರಿಗೆ ಕೂರಿಸಿ. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಬೇಡ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು, ಅದರ ಪುಟ್ಟ ಸೆನ್ಸರಿನಲ್ಲಿ ಹಿನ್ನೆಲೆ ತಾನಾಗಿಯೇ ಸ್ಪಷ್ಟವಾಗಿ ಬರುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡನ್ನು ಮಾತ್ರ ಮುಟ್ಟಬೇಡಿ.

ಪತ್ರಿಕೆಯವರ ಚಾಳಿ ಬೇರೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಾಗಲಿ, ನಾಯಕನಹಟ್ಟಿಯ ತೇರಿನಲ್ಲಾಗಲಿ ಅವರು ಮಹಡಿ ಹುಡುಕಿ ಹತ್ತುತ್ತಾರೆ. ತೇರು, ಜನಸಾಗರ ಎಲ್ಲವೂ ಒಂದೇ ಚಿತ್ರದಲ್ಲಿ ಬೇಕು, ಕೆಳಗೆ ಅಡಿಬರಹ ಬೀಳುತ್ತದೆ. ಅಡಿಬರಹವಿಲ್ಲದೆ ನಿಲ್ಲಬೇಕಾದ ಚಿತ್ರ ನಿಮ್ಮದು. ತೇರಿಗೆ ಬೆನ್ನು ಮಾಡಿ ಜನರ ನಡುವೆ ನಿಲ್ಲಿ. ಬೆಣ್ಣೆದೋಸೆ ಹೋಟೆಲಿನಲ್ಲೂ ಹಾಗೆಯೇ. ದೋಸೆಯನ್ನು ಊರೆಲ್ಲ ತೆಗೆಯುತ್ತದೆ, ದೋಸೆಗಾಗಿ ಕಾಯುತ್ತ ತವೆಯ ಕಡೆ ಕತ್ತು ನೀಳ ಮಾಡಿ ಕುಳಿತ ಮುಖವನ್ನು ಯಾರು ತೆಗೆದಿದ್ದಾರೆ?

ಮಂಡಕ್ಕಿ ಭಟ್ಟಿಗಳ ಬಗ್ಗೆ ನನಗೆ ತಕರಾರಿದೆ. ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಹೊಗೆಯ ನಡುವೆ ಬೀಳುವ ಬಿಸಿಲುಕೋಲು ಬಹಳ ಚೆಂದ, ನಿಜ. ಅದಕ್ಕೇ ಹೊಸಬರೆಲ್ಲ ಅಲ್ಲಿಗೆ ಓಡುತ್ತಾರೆ. ಆ ಹೊಗೆ ಕುಡಿಯುತ್ತ ದುಡಿಯುವವರು ಅಲ್ಲಿದ್ದಾರೆ, ಅದು ಬೀದಿಯೂ ಅಲ್ಲ, ಅವರ ಕೆಲಸದ ಜಾಗ. ಕೇಳಿ ಒಳಗೆ ಹೋಗಿ. ಮೊದಲೆರಡು ಸಲ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ.

‘ಯಾಕಮ್ಮ ಫೋಟೋ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಓಡಬೇಡಿ, ಚಿತ್ರ ತೋರಿಸಿ. ಅಳಿಸು ಎಂದರೆ ಅವರೆದುರೇ ಅಳಿಸಿ. ಕೊಡುತ್ತೇನೆ ಎಂದು ಒಪ್ಪಿಕೊಂಡ ಪ್ರಿಂಟನ್ನು ಕೊಟ್ಟೇ ಕೊಡಿ. ಮಂಡಿಪೇಟೆಯಲ್ಲಿ ಹೂವು ಮಾರುವ ಒಬ್ಬ ಅಜ್ಜಿಗೆ ನಾನು ಮಾತು ಕೊಟ್ಟು ಮರೆತೆ. ಆಮೇಲೆ ನಾನು ಆ ಸಾಲಿಗೆ ಹೋದಾಗಲೆಲ್ಲ ಅಕ್ಕಪಕ್ಕದ ನಾಲ್ಕು ಬುಟ್ಟಿಯವರೂ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಯಾವಾಗ ಹೋಗಿ ಕೇಳುವುದು? ಆಷಾಢದಲ್ಲಿ. ಮುಹೂರ್ತಗಳಿರುವುದಿಲ್ಲ, ಸ್ಟುಡಿಯೊದವರು ಹಳೆಯ ಆಲ್ಬಂ ಕೆಲಸ ಮುಗಿಸುತ್ತ ಕುಳಿತಿರುತ್ತಾರೆ, ಮಾತಿಗೂ ಸಿಗುತ್ತಾರೆ. ಧನುರ್ಮಾಸವೂ ಆದೀತು. ಪುಕ್ಕಟೆ ಕಲಿಸಿ ಎನ್ನಬೇಡಿ. ಮುಂದಿನ ನಾಲ್ಕು ಮದುವೆಗಳಿಗೆ ಲೈಟ್ ಹಿಡಿಯುತ್ತೇನೆ, ಬದಲಿಗೆ ಕಾರ್ಡು ತೋರಿಸಿ ಎಂದು ಒಪ್ಪಂದ ಮಾಡಿಕೊಳ್ಳಿ. ಶ್ರಾವಣ ಹುಟ್ಟುವವರೆಗೆ ಕಾದಿರೋ, ಅವರು ಫೋನನ್ನೂ ಎತ್ತುವುದಿಲ್ಲ.